ಸಕ್ಕರೆ ನೀರು ಬೆಳಕನ್ನು ಎಷ್ಟು ತಿರುಗಿಸುತ್ತದೆ? ಮನೆಯಲ್ಲೇ ಮಾಡಿಕೊಳ್ಳುವ ಪೋಲರಿಮೀಟರ್

ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ಪೋಲರಿಮೀಟರ್ (ದ್ರವವೊಂದು ಬೆಳಕಿನ ಕಂಪನವನ್ನು ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಉಪಕರಣ) ಅಂದ ಕೂಡಲೇ ನೆನಪಾಗುವುದು ಕತ್ತಲೆ ಕೋಣೆ, ಹಳದಿ ಸೋಡಿಯಂ ದೀಪ, ಉದ್ದನೆಯ ಗಾಜಿನ ಕೊಳವೆ. ಹಿಂದೆ ನಿಂತ ಬ್ಯಾಚಿನವರು ಗಡಿಬಿಡಿ ಮಾಡುತ್ತಿರುತ್ತಾರೆ, ರೀಡಿಂಗ್ ಹೇಗೋ ಬಂದುಬಿಡುತ್ತದೆ. ಅದೇ ಉಪಕರಣವನ್ನು ಮನೆಯಲ್ಲಿ ಕೈಯಾರೆ ಮಾಡಿದರೆ ಅದು ಯಾಕೆ ಹಾಗಿದೆ ಎನ್ನುವುದು ತಾನಾಗಿ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಸುಲಭವಾಗಿ ಸಿಗುತ್ತದೆ. ಖರ್ಚೂ ಜಾಸ್ತಿ ಇಲ್ಲ.

ಮೊದಲು ವಿಷಯ ಏನು ಅಂತ ಚಿಕ್ಕದಾಗಿ ನೋಡೋಣ. ಬೆಳಕು ಒಂದು ಅಲೆ. ಅದು ಸಾಗುವ ದಿಕ್ಕಿಗೆ ಅಡ್ಡಡ್ಡವಾಗಿ ಕಂಪಿಸುತ್ತದೆ. ಬಲ್ಬಿನ ಬೆಳಕಿನಲ್ಲಿ ಈ ಕಂಪನ ಎಲ್ಲ ಕೋನಗಳಲ್ಲೂ ಇರುತ್ತದೆ. ಪೋಲರೈಸರ್ ಎಂಬ ಹಾಳೆ ಒಂದೇ ಕೋನದ ಕಂಪನವನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಇದೇ ಧ್ರುವೀಕರಣ. ಎರಡನೇ ಹಾಳೆಯನ್ನು ಅದರ ಮೇಲಿಟ್ಟು ತಿರುಗಿಸಿದರೆ ಒಂದು ಕೋನದಲ್ಲಿ ಬೆಳಕು ಪೂರ್ತಿ ಬರುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಕತ್ತಲಾಗುತ್ತದೆ. ಈ ಎರಡನೇ ಹಾಳೆಗೆ ಅನಾಲೈಸರ್ ಎಂದು ಹೆಸರು. ಎರಡರ ನಡುವೆ ಸಕ್ಕರೆ ನೀರು ಇಟ್ಟರೆ ಕತ್ತಲಿನ ಜಾಗ ಪಕ್ಕಕ್ಕೆ ಸರಿಯುತ್ತದೆ. ಸಕ್ಕರೆಯ ಅಣುಗಳು ಕಂಪನದ ಕೋನವನ್ನೇ ತಿರುಗಿಸಿಬಿಡುತ್ತವೆ. ಎಷ್ಟು ಸರಿಯಿತು ಎಂದು ಅಳೆದರೆ ನೀರಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ಹೇಳಬಹುದು. ದ್ರವಗಳಲ್ಲಿ ಇದನ್ನು 1815ರಲ್ಲಿ ಗುರುತಿಸಿದವರು ಫ್ರಾನ್ಸಿನ ವಿಜ್ಞಾನಿ ಬಿಯೋ.

ಹಾಳೆ ಎಲ್ಲಿ ಸಿಗುತ್ತದೆ

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ. ಭಾನುವಾರ ಬೇಡ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಅಂಗಡಿಯಲ್ಲಿ "ಲೀನಿಯರ್ ಪೋಲರೈಸಿಂಗ್ ಫಿಲ್ಟರ್" ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. "ಅಣ್ಣಾ, ಎಲ್‌ಸಿಡಿ ಪ್ಯಾನೆಲ್‌ಗೆ ಅಂಟಿಸೋ ಪೋಲರೈಸರ್ ಶೀಟ್ ಇದೆಯಾ?" ಎಂದು ಕೇಳಿ. ಟಿವಿ ಪ್ಯಾನೆಲ್ ರಿಪೇರಿ ಮಾಡುವವರು ಹಾಳಾದ ಹಾಳೆ ಕಿತ್ತು ಹೊಸದು ಹಾಕುತ್ತಾರೆ. ಹಾಗಾಗಿ ಅವರ ಹತ್ತಿರ ತುಂಡುಗಳು ಬಿದ್ದಿರುತ್ತವೆ. ಅಂಗೈ ಅಗಲದ ಎರಡು ತುಂಡು ಸಾಕು.

ಹಳೆಯ ಮಾನಿಟರ್ ಬಿಚ್ಚಿ ಹಾಳೆ ಕೀಳುವುದು ಉಚಿತ, ಆದರೆ ನಾನು ಅದನ್ನು ಸೂಚಿಸುವುದಿಲ್ಲ. ಗಾಜು ತೆಳ್ಳಗಿದ್ದು ಕೈ ಕೊಯ್ಯುತ್ತದೆ. ತೀರಾ ಹಳೆಯ ಮಾನಿಟರ್‌ಗಳ ಹಿಂಬದಿಯ ದೀಪದಲ್ಲಿ ಪಾದರಸವೂ ಇರುತ್ತದೆ.

ಹೊಸ ಹಾಳೆ ತಂದಾಗ ಒಂದು ವಿಷಯ ಗಮನಿಸಿ. ಎರಡೂ ಕಡೆ ತೆಳ್ಳನೆಯ ರಕ್ಷಣಾ ಕವರ್ ಇರುತ್ತದೆ. ಆ ಪ್ಲಾಸ್ಟಿಕ್ ಕೂಡ ಧ್ರುವೀಕರಣವನ್ನು ಕೆಡಿಸುತ್ತದೆ. ಕವರ್ ಇರುವಾಗಲೇ ಎರಡು ಹಾಳೆ ಅಡ್ಡ ಇಟ್ಟು ನೋಡಿದರೆ ಪೂರ್ತಿ ಕತ್ತಲಾಗದೆ ನೇರಳೆ, ಹಸಿರು ಬಣ್ಣಗಳು ಕಾಣಬಹುದು. ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಉಗುರಿನಿಂದ ಮೂಲೆ ಎಬ್ಬಿಸಿ ಎರಡೂ ಕವರ್ ಕಿತ್ತುಹಾಕಿ. ಒಂದು ಬದಿಯಲ್ಲಿ ಅಂಟು ಇರುತ್ತದೆ. ಆ ಬದಿಯನ್ನು ಫೋಟೋ ಫ್ರೇಮಿನ ಗಾಜಿನ ತುಂಡಿಗೆ ಒಂದು ಅಂಚಿನಿಂದ ನಿಧಾನಕ್ಕೆ ಒತ್ತುತ್ತಾ ಹೋಗಿ ಅಂಟಿಸಿ. ಗುಳ್ಳೆ ಉಳಿಯಬಾರದು.

ಮಲ್ಟಿಪ್ಲೆಕ್ಸಿನ 3ಡಿ ಕನ್ನಡಕ ಮನೆಯಲ್ಲಿ ಬಿದ್ದಿದೆಯಾ? ಅದೂ ನಡೆಯುತ್ತದೆ, ಆದರೆ ಉಪಾಯ ಬೇಕು. ಈಗಿನ ಕನ್ನಡಕಗಳಲ್ಲಿ ಹೆಚ್ಚಿನವು ವೃತ್ತಾಕಾರದ ಧ್ರುವೀಕರಣದವು. ಅಂದರೆ ಪೋಲರೈಸರ್ ಮುಂದೆ ಇನ್ನೊಂದು ಪದರ ಇರುತ್ತದೆ. ಗೊತ್ತುಮಾಡುವುದು ಸುಲಭ. ಕನ್ನಡಕ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಮುಂದಿನ ಲೆನ್ಸೇ ಕನ್ನಡಿಯಲ್ಲಿ ಕಪ್ಪಾಗಿ ಕಂಡರೆ ಅದು ವೃತ್ತಾಕಾರದ್ದು. ಮುಚ್ಚಿದ ಕಣ್ಣಿನದು ಕಪ್ಪಾದರೆ ಸಾದಾ ರೇಖೀಯದ್ದು. ವೃತ್ತಾಕಾರದ್ದಾದರೆ ಎರಡೂ ಲೆನ್ಸುಗಳ ಕಣ್ಣಿನ ಕಡೆಯ ಮುಖಗಳು ಎದುರುಬದುರಾಗುವಂತೆ ಇಡಿ, ಸಕ್ಕರೆ ನೀರು ನಡುವೆ ಬರಲಿ. ಆಗ ಅವು ಸಾದಾ ಹಾಳೆಯಂತೆಯೇ ಕೆಲಸ ಮಾಡುತ್ತವೆ.

ಉಳಿದ ಸಾಮಾನು: 5 ಮಿ.ಮೀ. ಅಳತೆಯ ಹೆಚ್ಚು ಪ್ರಕಾಶದ ಕೆಂಪು ಎಲ್‌ಇಡಿ, 150 ಓಮ್ ರೆಸಿಸ್ಟರ್, ಹಳೆಯ 5 ವೋಲ್ಟ್ ಮೊಬೈಲ್ ಚಾರ್ಜರ್, ಶೂ ಡಬ್ಬ, ಕಪ್ಪು ಚಾರ್ಟ್ ಪೇಪರ್, ಅಗಲ ಬಾಯಿಯ ಜಾಡಿಯ ಪ್ಲಾಸ್ಟಿಕ್ ಮುಚ್ಚಳ. ಜೊತೆಗೆ ನೇರ ಗೋಡೆಯ, ಸಪಾಟು ತಳದ ಗಾಜಿನ ಲೋಟ. ಪ್ಲಾಸ್ಟಿಕ್ ಲೋಟ ಖಂಡಿತ ಬೇಡ. ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ಕಿನೊಳಗೆ ಬಿಗಿತ ಉಳಿದಿರುತ್ತದೆ, ಅದು ಬೆಳಕಿನ ಕಂಪನವನ್ನು ಅಡ್ಡಾದಿಡ್ಡಿ ಮಾಡುತ್ತದೆ. ಮಕ್ಕಳ ಪಾರದರ್ಶಕ ಸ್ಕೇಲನ್ನು ಎರಡು ಹಾಳೆಗಳ ನಡುವೆ ಹಿಡಿದು ನೋಡಿ, ಬಣ್ಣದ ಪಟ್ಟೆಗಳು ಎದ್ದು ಕಾಣುತ್ತವೆ.

ಬೆಳಕಿಗೆ ಲೇಸರ್ ಪಾಯಿಂಟರ್ ಯಾಕಲ್ಲ ಎಂದು ಕೇಳಬಹುದು. ಎರಡು ಕಾರಣ. ಅದು ಕಣ್ಣಿಗೆ ಅಪಾಯ, ಈ ಪ್ರಯೋಗದಲ್ಲಿ ಬಗ್ಗಿ ನೋಡುವ ಆಸೆ ಆಗೇ ಆಗುತ್ತದೆ. ಜೊತೆಗೆ ಅದರ ಬೆಳಕು ಹೊರಡುವಾಗಲೇ ಅಷ್ಟಿಷ್ಟು ಧ್ರುವೀಕರಣಗೊಂಡಿರುತ್ತದೆ, ಪಾಯಿಂಟರ್ ಸ್ವಲ್ಪ ಹೊರಳಿದರೂ ಲೆಕ್ಕ ತಪ್ಪುತ್ತದೆ. ಬಿಳಿ ಬೆಳಕೂ ಬೇಡ. ಸಕ್ಕರೆ ನೀಲಿಯನ್ನು ಕೆಂಪಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತಿರುಗಿಸುತ್ತದೆ. ಬಿಳಿ ಬೆಳಕಿನಲ್ಲಿ ಕತ್ತಲೆ ಸಿಗುವುದೇ ಇಲ್ಲ, ಬಣ್ಣ ಬದಲಾಗುತ್ತಾ ಹೋಗುತ್ತದೆ. ನೋಡಲು ಚಂದ, ಅಳೆಯಲು ಕಷ್ಟ.

ಜೋಡಿಸುವುದು

ಎಲ್ಲವನ್ನೂ ನಿಂತ ಹಾಗೆ, ಕೆಳಗಿಂದ ಮೇಲಕ್ಕೆ ಜೋಡಿಸುತ್ತೇವೆ. ಕಾಲೇಜಿನ ಉಪಕರಣ ಮಲಗಿರುತ್ತದೆ, ಅದಕ್ಕೆ ಎರಡೂ ತುದಿ ಮುಚ್ಚಿದ ಕೊಳವೆ ಬೇಕು. ನಿಲ್ಲಿಸಿಬಿಟ್ಟರೆ ಮಾಮೂಲಿ ಲೋಟವೇ ಕೊಳವೆಯಾಗುತ್ತದೆ. ನೀರಿನ ಎತ್ತರವೇ ಕೊಳವೆಯ ಉದ್ದ.

ಶೂ ಡಬ್ಬವನ್ನು ನೆಟ್ಟಗೆ ನಿಲ್ಲಿಸಿ. ತಳದಲ್ಲಿ ಎಲ್‌ಇಡಿಯನ್ನು ಮೇಲ್ಮುಖವಾಗಿ ಕೂರಿಸಿ. ಉದ್ದ ಕಾಲು ರೆಸಿಸ್ಟರ್ ಮೂಲಕ ಪ್ಲಸ್‌ಗೆ, ಗಿಡ್ಡ ಕಾಲು ಮೈನಸ್‌ಗೆ. ಅದರ ಮೇಲೆ ರಟ್ಟಿನ ಒಂದು ಅಟ್ಟ ಮಾಡಿ, ನಡುವೆ 1 ಸೆಂ.ಮೀ. ರಂಧ್ರ ಕೊರೆಯಿರಿ. ರಂಧ್ರದ ಮೇಲೆ ಮೊದಲ ಹಾಳೆ, ಅದನ್ನು ಟೇಪಿನಿಂದ ಗಟ್ಟಿ ಮಾಡಿ. ಅದರ ಮೇಲೆ ಲೋಟ. ಲೋಟದ ಸುತ್ತ ಕಪ್ಪು ಚಾರ್ಟ್ ಪೇಪರ್ ಸುತ್ತಿ. ಪಕ್ಕದಿಂದ ಬಂದ ಬೆಳಕು ಒಳಗೆ ಸೇರಿದರೆ ರೀಡಿಂಗ್ ಕೆಡುತ್ತದೆ.

ಡಬ್ಬದ ಮೇಲ್ಭಾಗದಲ್ಲಿ, ಕೆಳಗಿನ ರಂಧ್ರದ ನೇರಕ್ಕೆ ಇನ್ನೊಂದು ರಂಧ್ರ. ಅದರ ಸುತ್ತ 360 ಡಿಗ್ರಿಯ ಕೋನಮಾಪಕವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಅಂಟಿಸಿ. ಚಿಕ್ಕದು ಮಾಡಬೇಡಿ. ತ್ರಿಜ್ಯ 9 ಸೆಂ.ಮೀ. ಇದ್ದರೆ ಒಂದು ಡಿಗ್ರಿ ಅಂದರೆ ಒಂದೂವರೆ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಜಾಗ, ಅರ್ಧ ಡಿಗ್ರಿಯನ್ನೂ ಕಣ್ಣಳತೆಯಲ್ಲಿ ಓದಬಹುದು. ಜಾಮಿಟ್ರಿ ಬಾಕ್ಸಿನ ಪ್ರೊಟ್ರಾಕ್ಟರ್‌ನಲ್ಲಿ ಅದು ಆಗುವುದಿಲ್ಲ. ಸಂಖ್ಯೆಗಳು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಹೋಗುವ ಕಡೆಗೆ ಏರುತ್ತಿರಲಿ. ಸಕ್ಕರೆ ತಿರುಗಿಸುವುದೂ ಅದೇ ಕಡೆಗೆ.

ಜಾಡಿಯ ಮುಚ್ಚಳದ ನಡುವೆ ರಂಧ್ರ ಮಾಡಿ ಎರಡನೇ ಹಾಳೆ ಅಂಟಿಸಿ. ಅಂಚಿಗೆ ಪೊರಕೆ ಕಡ್ಡಿಯೊಂದನ್ನು ಮುಳ್ಳಿನ ಹಾಗೆ ಟೇಪ್ ಮಾಡಿ. ಮುಚ್ಚಳ ಪಕ್ಕಕ್ಕೆ ಜಾರದೆ ನಿಂತಲ್ಲೇ ತಿರುಗುವಂತೆ ಸುತ್ತಲೂ ರಟ್ಟಿನ ಬಳೆಯೊಂದನ್ನು ಅಂಟಿಸಿಬಿಡಿ. ಈ ಬಳೆ ಸಡಿಲವಾಗಿದ್ದರೆ ಎಷ್ಟು ಹುಷಾರಾಗಿ ಓದಿದರೂ ಪ್ರಯೋಜನವಿಲ್ಲ.

ಅಳೆಯುವ ಕಣ್ಣು

ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಕಿವಿಗೆ ಹಿಡಿಯುವ ಸ್ಪೀಕರ್ ಹತ್ತಿರ ಬೆಳಕಿನ ಸೆನ್ಸರ್ ಇರುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದಕ್ಕೆ ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ತೋರಿಸುತ್ತದೆ. ಫೋನನ್ನು ಮುಖ ಕೆಳಗೆ ಮಾಡಿ, ಸೆನ್ಸರ್ ರಂಧ್ರದ ಮೇಲೆ ಬರುವಂತೆ ಎರಡು ಪುಸ್ತಕಗಳ ನಡುವೆ ಸೇತುವೆಯಾಗಿ ಇಡಿ. ಮುಚ್ಚಳ ಅದರ ಕೆಳಗೆ ಆರಾಮಾಗಿ ತಿರುಗಬೇಕು, ಫೋನ್ ಅಲುಗಬಾರದು. ಸಂಖ್ಯೆ ಕಾಣಲು ಫೋನಿನ ಕೆಳಗೆ ಬಗ್ಗುವ ಬದಲು ಆ್ಯಪ್‌ನ ರಿಮೋಟ್ ಸೌಲಭ್ಯ ಬಳಸಿ ಲ್ಯಾಪ್‌ಟಾಪಿನಲ್ಲಿ ನೋಡಿ. ಐಫೋನ್‌ನ ಸೆನ್ಸರ್ ಆ್ಯಪ್‌ಗಳಿಗೆ ಸಿಗುವುದಿಲ್ಲ. ಐಫೋನ್ ಇದ್ದವರು ಎಸ್.ಪಿ. ರೋಡಿನಲ್ಲೇ ಬಿಪಿಡಬ್ಲ್ಯು 34 ಎಂಬ ಫೋಟೋಡಯೋಡ್ ಕೊಂಡು, ಮಲ್ಟಿಮೀಟರ್‌ನ ಮೈಕ್ರೋ ಆಂಪಿಯರ್ ರೇಂಜಿಗೆ ನೇರ ಜೋಡಿಸಿ.

ಖಾಲಿ ಓಟ

ಸಕ್ಕರೆ ಮುಟ್ಟುವ ಮೊದಲು ಎರಡು ಪರೀಕ್ಷೆ. ಕೋಣೆಯ ದೀಪ ಆರಿಸಿ, ಲೋಟವಿಲ್ಲದೆ ಮುಚ್ಚಳ ತಿರುಗಿಸಿ ಅತಿ ಕಡಿಮೆ ರೀಡಿಂಗ್ ನೋಡಿ. ಆಮೇಲೆ ಖಾಲಿ ಲೋಟ ಇಟ್ಟು ಅದೇ ಮಾಡಿ. ಕತ್ತಲು ಹಾಗೇ ಉಳಿದರೆ ಲೋಟ ಒಳ್ಳೆಯದು. ಬೆಳಕು ಸೋರಿದರೆ ತಳದ ಗಾಜಿನಲ್ಲಿ ಬಿಗಿತ ಇದೆ ಅಂತ ಅರ್ಥ, ಬೇರೆ ಲೋಟ ಹುಡುಕಿ.

ಈಗ ಬೆಳಕು ಅತಿ ಹೆಚ್ಚಿರುವ ಕೋನವನ್ನು ಸೊನ್ನೆ ಎಂದು ಇಟ್ಟುಕೊಂಡು 15 ಡಿಗ್ರಿಗೊಮ್ಮೆ ರೀಡಿಂಗ್ ಬರೆಯಿರಿ. ಎಲ್‌ಇಡಿ ಆರಿಸಿದಾಗಲೂ ಬರುವ ಸಂಖ್ಯೆಯನ್ನು ಎಲ್ಲದರಿಂದ ಕಳೆಯಿರಿ. ಸೊನ್ನೆಯಲ್ಲಿ ಬಂದದ್ದನ್ನು 100 ಎಂದುಕೊಂಡರೆ 30ಕ್ಕೆ 75, 45ಕ್ಕೆ 50, 60ಕ್ಕೆ 25, 75ಕ್ಕೆ ಸುಮಾರು 7, 90ಕ್ಕೆ ಸೊನ್ನೆ ಬರಬೇಕು. ಇದು ಕೋನದ ಕೊಸೈನ್‌ನ ವರ್ಗ, ಮಾಲೂಸ್ ನಿಯಮ. 1808ರಲ್ಲಿ ಪ್ಯಾರಿಸ್ಸಿನಲ್ಲಿ ವಿಜ್ಞಾನಿ ಮಾಲೂಸ್, ಲಕ್ಸೆಂಬರ್ಗ್ ಅರಮನೆಯ ಕಿಟಕಿಯಿಂದ ಪ್ರತಿಫಲಿಸಿದ ಬಿಸಿಲನ್ನು ಒಂದು ಸ್ಫಟಿಕದ ಮೂಲಕ ನೋಡುತ್ತಾ ತಿರುಗಿಸಿದಾಗ ಈ ದಾರಿ ತೆರೆಯಿತು.

ತಿರುಗಿಸು, ಏರಿಳಿತ ನೋಡು ಎಂಬ ಈ ವಿಧಾನ ಇನ್ನೂ ಹಳತಾಗಿಲ್ಲ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ ಪೋಲಿಕ್ಸ್ ಎಂಬ ಉಪಕರಣ 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಮೇಲೆ ಹೋಯಿತು. ಅದು ಅಳೆಯುವುದು ಆಕಾಶದಿಂದ ಬರುವ ಎಕ್ಸ್-ಕಿರಣಗಳ ಧ್ರುವೀಕರಣ, 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ವರೆಗಿನವು. ಎಕ್ಸ್-ಕಿರಣಕ್ಕೆ ನಮ್ಮ ಹಾಳೆ ನಡೆಯುವುದಿಲ್ಲ. ಹಾಗಾಗಿ ನಡುವೆ ಬೆರಿಲಿಯಂ ತುಂಡು ಇಟ್ಟು, ಕಿರಣಗಳು ಯಾವ ಕಡೆ ಜಾಸ್ತಿ ಚದುರುತ್ತವೆ ಎಂದು ಸುತ್ತಲಿನ ನಾಲ್ಕು ಡಿಟೆಕ್ಟರ್‌ಗಳಲ್ಲಿ ಎಣಿಸುತ್ತಾರೆ. ಇದೇ ಸಂಸ್ಥೆಯಲ್ಲಿದ್ದಾಗ ಭೌತವಿಜ್ಞಾನಿ ಪಂಚರತ್ನಂ 1956ರಲ್ಲಿ ಧ್ರುವೀಕೃತ ಬೆಳಕಿನ ಬಗ್ಗೆ ಬರೆದ ಪ್ರಬಂಧದಿಂದಲೇ ಪಂಚರತ್ನಂ ಫೇಸ್ ಎಂಬ ಹೆಸರು ಬಂದದ್ದು. ಆಗ ಅವರಿಗೆ ಬರೀ 22 ವರ್ಷ.

ಸಕ್ಕರೆ ಕಲಸುವುದು

ಇಲ್ಲಿಯೇ ಜಾಸ್ತಿ ಜನ ಎಡವುವುದು. 90 ಗ್ರಾಂ ಸಕ್ಕರೆ ತೂಗಿ. ಅದನ್ನು 200 ಮಿ.ಲೀ. ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಪೂರ್ತಿ ಕರಗಿ ತಣ್ಣಗಾದ ಮೇಲೆ ಒಟ್ಟು 300 ಮಿ.ಲೀ. ಗೆರೆ ಮುಟ್ಟುವವರೆಗೆ ನೀರು ಸೇರಿಸಿ. 300 ಮಿ.ಲೀ. ನೀರಿಗೆ 90 ಗ್ರಾಂ ಸಕ್ಕರೆ ಹಾಕುವುದು ಬೇರೆ ಲೆಕ್ಕ. ಸಕ್ಕರೆಯೂ ಜಾಗ ಹಿಡಿಯುತ್ತದೆ, ಆಗ ದ್ರಾವಣ ಸುಮಾರು 355 ಮಿ.ಲೀ. ಆಗಿಬಿಡುತ್ತದೆ.

ಗುಳ್ಳೆಗಳು ಮೇಲೆ ಬಂದು ಒಡೆಯುವವರೆಗೆ ಬಿಡಿ. ಮಬ್ಬು ಕಂಡರೆ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ. ಬೆಲ್ಲ ಬೇಡ, ಬಣ್ಣ ದಟ್ಟವಾಗಿ ಬೆಳಕೇ ದಾಟುವುದಿಲ್ಲ.

ಕತ್ತಲನ್ನು ಹುಡುಕಬೇಡಿ

ಈಗ ಮುಖ್ಯ ಕೆಲಸ. ಎಲ್ಲರೂ ಮಾಡುವುದು ಏನೆಂದರೆ, ನೀರು ಇಟ್ಟು ಅತಿ ಕತ್ತಲಿನ ಕೋನ ಓದುತ್ತಾರೆ, ಸಕ್ಕರೆ ನೀರು ಇಟ್ಟು ಮತ್ತೆ ಅತಿ ಕತ್ತಲಿನ ಕೋನ ಓದುತ್ತಾರೆ, ಕಳೆಯುತ್ತಾರೆ. ನನ್ನ ಪ್ರಕಾರ ಇದು ಅಳತೆಯೇ ಅಲ್ಲ, ಅಂದಾಜು. ಯಾಕೆ ಅಂದರೆ ಮಾಲೂಸ್ ನಿಯಮದ ವಕ್ರರೇಖೆ ತಳದಲ್ಲಿ ಚಪ್ಪಟೆ. ಕತ್ತಲಿನಿಂದ 3 ಡಿಗ್ರಿ ಆಚೆ ಹೋದರೂ ಬೆಳಕು ಹೆಚ್ಚುವುದು ಗರಿಷ್ಠದ ಶೇಕಡಾ 0.3ರಷ್ಟು ಮಾತ್ರ. ಫೋನಿಗೆ ಅದು ಗೊತ್ತಾಗುವುದಿಲ್ಲ, ಕಣ್ಣಿಗೂ ಅಷ್ಟೇ. ಅತ್ತ ಇತ್ತ ಅಲುಗಿಸಿ ಅಲುಗಿಸಿ ಕೊನೆಗೆ ಮನಸ್ಸಿಗೆ ಬಂದಲ್ಲಿ ನಿಲ್ಲಿಸುತ್ತೇವೆ, ಅಲ್ವಾ?

ಬದಲಿಗೆ ಹೀಗೆ ಮಾಡಿ. ಗರಿಷ್ಠ ರೀಡಿಂಗಿನ ಕಾಲುಭಾಗವನ್ನು ಗುರಿಯಾಗಿ ಇಟ್ಟುಕೊಳ್ಳಿ. ಗರಿಷ್ಠ 80 ಲಕ್ಸ್ ಇದ್ದರೆ ಗುರಿ 20. ಕತ್ತಲಿನ ಎಡಗಡೆಯಲ್ಲಿ ಸರಿಯಾಗಿ 20 ಬರುವ ಕೋನ ಓದಿ. ಕತ್ತಲನ್ನು ದಾಟಿ ಬಲಗಡೆಯಲ್ಲಿ ಮತ್ತೆ 20 ಬರುವ ಕೋನ ಓದಿ. ಎರಡರ ನಡುಬಿಂದುವೇ ಕತ್ತಲಿನ ಕೋನ. ಇಳಿಜಾರು ಕಡಿದಾಗಿರುವ ಜಾಗದಲ್ಲಿ ಓದುವುದರಿಂದ ಒಂದು ಡಿಗ್ರಿ ತಪ್ಪಿದರೂ ಸಂಖ್ಯೆ ಎದ್ದು ಬದಲಾಗುತ್ತದೆ. ಇನ್ನೊಂದು ಲಾಭ ಇದೆ. ಎರಡು ಕಡೆ ಬೆಳಕು ಸಮ ಇದೆಯಾ ಎಂದಷ್ಟೇ ಕೇಳುತ್ತಿರುವುದರಿಂದ ಸೆನ್ಸರ್ ನಿಖರವಾಗಿ ಅಳೆಯದಿದ್ದರೂ ಪರವಾಗಿಲ್ಲ. ಮಾಲೂಸ್ ಪಟ್ಟಿಗೆ ಆಗದ ಅಗ್ಗದ ಎಲ್‌ಡಿಆರ್ (ಬೆಳಕು ಬಿದ್ದಂತೆ ರೋಧ ಬದಲಾಗುವ ಸೆನ್ಸರ್) ಕೂಡ ಇಲ್ಲಿ ಸಾಕು.

ಉದಾಹರಣೆಗೆ, ಬರೀ ನೀರು ಇಟ್ಟಾಗ 60 ಮತ್ತು 120 ಡಿಗ್ರಿಯಲ್ಲಿ ಗುರಿ ಸಿಕ್ಕಿತು ಅನ್ನಿ. ನಡುಬಿಂದು 90. ನೀರು ಚೆಲ್ಲಿ, ಲೋಟವನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಇಟ್ಟು ಸಕ್ಕರೆ ದ್ರಾವಣವನ್ನು ಸರಿಯಾಗಿ 10 ಸೆಂ.ಮೀ. ಎತ್ತರಕ್ಕೆ ತುಂಬಿ. ಗರಿಷ್ಠ ಸ್ವಲ್ಪ ಬದಲಾಗಿರಬಹುದು, ಗುರಿಯನ್ನು ಹೊಸದಾಗಿ ಲೆಕ್ಕ ಹಾಕಿ. ಈಗ 77 ಮತ್ತು 138 ಬಂದರೆ ನಡುಬಿಂದು 107.5. ಸಕ್ಕರೆ ತಿರುಗಿಸಿದ್ದು 17.5 ಡಿಗ್ರಿ.

ಎಷ್ಟು ಬರಬೇಕಿತ್ತು? ಸೋಡಿಯಂ ದೀಪದ ಹಳದಿ ಬೆಳಕಿಗೆ ಸಕ್ಕರೆಯ ವಿಶಿಷ್ಟ ಆವರ್ತನೆ 66.5. ಅಂದರೆ ಒಂದು ಮಿ.ಲೀ.ನಲ್ಲಿ ಒಂದು ಗ್ರಾಂ ಸಕ್ಕರೆ ಇದ್ದು, 10 ಸೆಂ.ಮೀ. ದಾಟಿದರೆ 66.5 ಡಿಗ್ರಿ. ಕೆಂಪು ಎಲ್‌ಇಡಿಯ ಸುಮಾರು 625 ನ್ಯಾನೋಮೀಟರ್ ಬೆಳಕಿಗೆ ಅದು 58.7ರ ಆಸುಪಾಸು. ನಮ್ಮ ದ್ರಾವಣದಲ್ಲಿ ಮಿ.ಲೀ.ಗೆ 0.3 ಗ್ರಾಂ ಇದೆ. 58.7ನ್ನು 0.3ರಿಂದ ಗುಣಿಸಿದರೆ 17.6. ಸುಮಾರು 14.8 ಬಂದರೆ ನೀವು 300 ಮಿ.ಲೀ. ನೀರಿಗೇ ಸಕ್ಕರೆ ಸುರಿದಿದ್ದೀರಿ.

ಅರ್ಧ ದ್ರಾವಣ ತೆಗೆದು 5 ಸೆಂ.ಮೀ.ಗೆ ಇಳಿಸಿ ಮತ್ತೆ ಓದಿ. ತಿರುಗುವುದೂ ಅರ್ಧವಾಗಬೇಕು. ಈ ಎರಡನೇ ಓದನ್ನು ಬಿಡಬೇಡಿ. ಹಾಳೆಗಳಿಗೆ 17.6ಕ್ಕೂ 197.6ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, 180 ಡಿಗ್ರಿಗೊಮ್ಮೆ ಎಲ್ಲ ಮರುಕಳಿಸುತ್ತದೆ. ಎತ್ತರ ಬದಲಿಸಿದರೆ ಮಾತ್ರ ಅನುಮಾನ ಬಗೆಹರಿಯುತ್ತದೆ.

ಸಕ್ಕರೆ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ. ಅಲ್ಲಿನ ಸ್ಯಾಕರಿಮೀಟರ್‌ನಲ್ಲಿ 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿ.ಲೀ. ದ್ರಾವಣ ಮಾಡಿ 20 ಸೆಂ.ಮೀ. ಕೊಳವೆಯಲ್ಲಿ ಇಟ್ಟರೆ ಬರುವ 34.6 ಡಿಗ್ರಿಯನ್ನೇ 100 ಎಂದು ಗುರುತು ಹಾಕಿರುತ್ತಾರೆ. ಕಬ್ಬಿನ ರಸದ "ಪೋಲ್" (ಈ ವಿಧಾನದಲ್ಲಿ ಅಳೆದ ಸಕ್ಕರೆ ಅಂಶ) ಎಷ್ಟು ಅಂತ ಹೇಳುವುದು ಈ ಮಾಪಕದ ಮೇಲೆ.

ಸೆನ್ಸರ್ ಇಲ್ಲದವರಿಗೆ: ಅರ್ಧ ನೆರಳು

ಕಾಲೇಜಿನ ಲೋರೆಂಟ್ ಉಪಕರಣದಲ್ಲಿ ದುಂಡನೆಯ ನೋಟ ಎರಡು ಹೋಳಾಗಿ ಕಾಣುತ್ತಿತ್ತಲ್ಲ, ಅದೂ ಇದೇ ಉಪಾಯ. ಸಮ ಬೆಳಕಿನ ಎರಡು ಕೋನಗಳನ್ನು ಒಂದಾದ ಮೇಲೊಂದು ಓದುವ ಬದಲು ಪಕ್ಕಪಕ್ಕದಲ್ಲಿ ತಂದಿಡುತ್ತಾರೆ. ಮನೆಯಲ್ಲೂ ಮಾಡಬಹುದು. ಇನ್ನೂ ಗಾಜಿಗೆ ಅಂಟಿಸದ ಹಾಳೆಯನ್ನು ನೇರ ಗೆರೆಯಲ್ಲಿ ಎರಡು ಮಾಡಿ. ಒಂದು ಹೋಳಿನ ಕತ್ತರಿಸಿದ ಅಂಚಿನಿಂದ 5 ಡಿಗ್ರಿ ಕೋನದ ತೆಳ್ಳನೆ ತ್ರಿಕೋನವೊಂದನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಮತ್ತೆ ಎರಡೂ ಅಂಚು ಸೇರಿಸಿ ಗಾಜಿಗೆ ಅಂಟಿಸಿ. ಈಗ ಎರಡು ಹೋಳುಗಳ ನಡುವೆ 5 ಡಿಗ್ರಿ ವ್ಯತ್ಯಾಸ ಬಂತು. ಇದನ್ನು ಕೆಳಗಿನ ಹಾಳೆಯ ಜಾಗದಲ್ಲಿ, ಗೆರೆ ರಂಧ್ರದ ನಡುವೆ ಬರುವಂತೆ ಕೂರಿಸಿ. ಎಲ್‌ಇಡಿ ಮೇಲೆ ಟ್ರೇಸಿಂಗ್ ಪೇಪರಿನ ತುಂಡು ಇಟ್ಟರೆ ಬೆಳಕು ಹರಡಿ ಕಣ್ಣಿಗೆ ಹಿತ.

ಮುಚ್ಚಳದ ಮೂಲಕ ನೋಡುತ್ತಾ ಕತ್ತಲಿನ ಆಸುಪಾಸಿನಲ್ಲಿ ತಿರುಗಿಸಿ. ಎಡ ಹೋಳು ಕಪ್ಪಾಗಿ ಬಲ ಹೋಳು ಮಂದವಾಗಿ ಹೊಳೆಯುತ್ತದೆ, ಒಂದಿಷ್ಟು ತಿರುಗಿಸಿದರೆ ಅದಲುಬದಲು. ನಡುವೆ ಒಂದು ಕಡೆ ಗೆರೆಯೇ ಮಾಯವಾಗಿ ಎರಡೂ ಸಮನಾಗುತ್ತವೆ. ಓದಬೇಕಾದದ್ದು ಅದನ್ನೇ. ಒಂದು ಬೆಳಕು ಎಷ್ಟಿದೆ ಎಂದು ಹೇಳುವುದರಲ್ಲಿ ಕಣ್ಣು ದಡ್ಡ, ಎರಡು ಸಮ ಇವೆಯಾ ಎಂದು ಹೇಳುವುದರಲ್ಲಿ ಭಾರಿ ಚುರುಕು.

ಮುಂದೆ ಏನು ಅಳೆಯಬಹುದು

ಜೇನುತುಪ್ಪ ಎಲ್ಲರಿಗೂ ಕುತೂಹಲ. ನೀರಿನಲ್ಲಿ ತಿಳಿ ಮಾಡಿ ಇಟ್ಟರೆ ಹೂವಿನ ಜೇನು ಸಾಮಾನ್ಯವಾಗಿ ಎಡಕ್ಕೆ ತಿರುಗಿಸುತ್ತದೆ. ಅದರಲ್ಲಿ ಫ್ರಕ್ಟೋಸ್ ಜಾಸ್ತಿ, ಫ್ರಕ್ಟೋಸ್‌ನ ಎಡ ತಿರುವು ಬಲವಾದದ್ದು. ಸಾದಾ ಸಕ್ಕರೆ ಪಾಕ ಬೆರೆಸಿದ್ದರೆ ಬಲಕ್ಕೆ ವಾಲಬಹುದು. ಆದರೆ ಇದನ್ನು ಹಿಡಿದು ಜೇನು ಮಾರುವವರ ಹತ್ತಿರ ಜಗಳಕ್ಕೆ ಹೋಗಬೇಡಿ. ಫ್ರಕ್ಟೋಸ್ ಇರುವ ಪಾಕ ಬೆರೆಸಿದರೆ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಕೆಲವು ಅಸಲಿ ಜೇನು ಕೂಡ ಬಲಕ್ಕೆ ತಿರುಗಿಸುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಮೆಡಿಕಲ್ ಶಾಪಿನ ಸಾದಾ ಗ್ಲೂಕೋಸ್ ಪುಡಿ. ತಣ್ಣೀರಿನಲ್ಲಿ ಬೇಗ ಕರಗಿಸಿ, ಕೂಡಲೇ ಓದಿ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಓದುತ್ತಾ ಹೋಗಿ. ಏನೂ ಮುಟ್ಟದಿದ್ದರೂ ಕೋನ ಇಳಿಯುತ್ತಲೇ ಇರುತ್ತದೆ. ಪುಡಿಯಲ್ಲಿರುವ ಗ್ಲೂಕೋಸ್ ನೀರಿಗೆ ಬಿದ್ದ ಮೇಲೆ ಅದರ ಒಂದು ಭಾಗ ನಿಧಾನಕ್ಕೆ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಆ ರೂಪದ ತಿರುವು ಕಡಿಮೆ. ಹಳದಿ ಬೆಳಕಿನ ಲೆಕ್ಕದಲ್ಲಿ 112ರಿಂದ ಶುರುವಾಗಿ 52.7ಕ್ಕೆ ನಿಲ್ಲುತ್ತದೆ. ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚಿನ ಇಳಿಕೆ ಆಗಿಬಿಡುತ್ತದೆ. ಹಾಗಾಗಿ ಗ್ರಾಫ್ ಹಾಳೆ, ಗಡಿಯಾರ ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೊನೆಯ ರೀಡಿಂಗನ್ನು ಮರುದಿನ ಬೆಳಿಗ್ಗೆ ತೆಗೆಯಿರಿ, ಅಲ್ಲಿಯವರೆಗೆ ಲೋಟ ಮುಚ್ಚಿಡಿ. ಇರುವೆ ಬರುತ್ತವೆ.